ಎತ್ತಿ ಹುಯ್ದ ನೀರು

ನಮ್ಮ ಬೀದಿಯ ನಲ್ಲಿ ಕಂಡರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಪಾಪ, ನಲ್ಲಿಯದೇನೂ ತಪ್ಪಿಲ್ಲ.

ನಾನು ನಂಜನಗೂಡಿನ ಆಫೀಸೊಂದರಲ್ಲಿ ಗುಮಾಸ್ತ. ಮನೆ ಹುಲ್ಲಹಳ್ಳಿ ಹತ್ತಿರದ ಊರಿನ ನಮ್ಮ ಕೇರಿಯಲ್ಲಿ. ಹೋದ ವರ್ಷ ಹಿತ್ತಲಿನ ಒಂಟಿ ಕೋಣೆಯನ್ನು ಒಡಿಶಾದ ಗಂಡ ಹೆಂಡಿರಿಗೆ ಬಾಡಿಗೆಗೆ ಕೊಟ್ಟೆ. ಅವನು ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವಳು ಏಳು ತಿಂಗಳ ಬಸುರಿ. ಹೆರಿಗೆಯಾಗುವ ತನಕ ಒಂದು ಸೂರು ಸಿಕ್ಕರೆ ಸಾಕು ಎಂದಷ್ಟೇ ಕೇಳಿದ್ದ.

ವಾರದೊಳಗೆ ಅವರು ಬೀದಿಯವರ ಬಾಯಲ್ಲಿ ಬಾಂಗ್ಲಾದೇಶದವರಾದರು. ಒಡಿಶಾ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದವರೂ ಬಾಂಗ್ಲಾದ ಮೇಲೆ ಭಾಷಣ ಬಿಗಿದರು. ನಾಟಿ ಬಂದರೆ ಇದೇ ಜನ ಇಂಥವರನ್ನೇ ಆಟೋದಲ್ಲಿ ತುಂಬಿಕೊಂಡು ಬಂದು ಗದ್ದೆಗಿಳಿಸುತ್ತಾರೆ. ಅವರು ನೆಟ್ಟ ಭತ್ತದ ಅನ್ನ ಆಗುತ್ತದೆ, ಅವರು ಮುಟ್ಟಿದ ನಲ್ಲಿ ಆಗುವುದಿಲ್ಲ. ಮೂರೂ ಬಿಟ್ಟವರು ಊರಿಗೆ ದೊಡ್ಡವರು.

ಸಮುದಾಯ ಭವನದ ಮುಂದೆ ಕೇರಿಯ ಯಜಮಾನರು ಸೇರಿದರು. ಅವರಲ್ಲಿ ಹಿರಿಯರಾದ ನಮ್ಮ ದೊಡ್ಡಪ್ಪ ತೀರ್ಮಾನ ಹೇಳಿದರು.

"ಇರ್ಲಿ ಕಣ್ಲಾ, ನಾವೇನ್ ಓಡ್ಸಾಕಿಲ್ಲ. ಆದ್ರೆ ನಲ್ಲಿ ಮುಟ್ಬಾರ್ದು. ನಿಮ್ಮನೇರೇ ಯಾರಾದ್ರೂ ಎತ್ತಿ ಉಯ್ಲಿ."

ಎತ್ತಿ ಹುಯ್ಯುವುದು ಎಂದರೇನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹಿಂದೆ ಮೇಲಿನ ಬೀದಿಯ ಬಾವಿಯನ್ನು ನಮ್ಮವರು ಮುಟ್ಟುವಂತಿರಲಿಲ್ಲ. ನಮ್ಮ ಅವ್ವಂದಿರು ಕೊಡ ಕೆಳಗಿಟ್ಟು ದೂರ ನಿಂತು, ಯಾರಾದರೂ ಪುಣ್ಯಾತ್ಮರು ಕೊಡಕ್ಕೆ ಕೊಡ ತಾಗದಂತೆ ಮೇಲಿನಿಂದ ಹುಯ್ಯುವ ತನಕ ಕಾಯುತ್ತಿದ್ದರು. ಆ ಕಥೆ ಹೇಳಿ ಹೇಳಿಯೇ ನಮ್ಮನ್ನು ಓದಿಸಿದ್ದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮಗೆ ಅತ್ತೆಯ ಕಾಲ ಬಂದಿತ್ತು.

ಎಲ್ಲರೂ ನನ್ನ ಮುಖ ನೋಡಿದರು. ಮನೆಯಲ್ಲಿ ತಂಗಿಯ ಮದುವೆಯ ಮಾತು ನಡೆಯುತ್ತಿತ್ತು. ಯಜಮಾನರನ್ನು ಎದುರು ಹಾಕಿಕೊಂಡರೆ ಚಪ್ಪರಕ್ಕೆ ಯಾರೂ ಬರುವುದಿಲ್ಲ.

"ಆಗ್ಲಿ ದೊಡ್ಡಪ್ಪ" ಎಂದೆ.

ಹುಯ್ಯುವ ಕೆಲಸ ಅವ್ವನ ಪಾಲಿಗೆ ಬಂತು. ಬೆಳಗ್ಗೆ ನೀರು ಬಿಟ್ಟಾಗ ಆ ಹೆಂಗಸು ಪ್ಲಾಸ್ಟಿಕ್ ಬಿಂದಿಗೆ ಇಟ್ಟು, ಸೊಂಟ ಹಿಡಿದುಕೊಂಡು ಮೋರಿ ಕಲ್ಲಿನ ಮೇಲೆ ಕೂರುತ್ತಿದ್ದಳು. ಎಲ್ಲರದೂ ತುಂಬಿದ ಮೇಲೆ ಅವ್ವ ಕೊಡ ಎತ್ತಿ ಹುಯ್ಯುತ್ತಿದ್ದಳು. ಅರ್ಧ ನೀರು ನೆಲಕ್ಕೆ. ಎಷ್ಟು ಎತ್ತರದಿಂದ ಹುಯ್ದರೆ ತಾಗುವುದಿಲ್ಲ ಎಂಬುದನ್ನು ಅವ್ವನಿಗೆ ಯಾರೂ ಕಲಿಸಬೇಕಿರಲಿಲ್ಲ. ನಾನು ಬಸ್ಸಿಗೆ ಹೊತ್ತಾಯಿತೆಂದು ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದೆ.

ಒಂದು ದಿನ ಅವ್ವ ನೆಂಟರ ಮನೆಗೆ ಹೋಗಿದ್ದಳು. ಬೇರೆ ಯಾರೂ ಹುಯ್ಯಲಿಲ್ಲ. ನೀರು ನಿಲ್ಲುವ ತನಕ ಕಾದು, ಆ ಬಸುರಿ ನಾಲೆಗೆ ಹೋಗಿ ಹೊತ್ತು ತಂದಳಂತೆ. ಮಾರನೆಯ ಬೆಳಗ್ಗೆಯೇ ಅವರು ಗಂಟು ಕಟ್ಟಿದರು. ತಿ. ನರಸೀಪುರದ ಕಡೆ ಇಟ್ಟಿಗೆ ಗೂಡಿನ ತಗಡಿನ ಶೆಡ್ಡಿಗೆ ಹೊರಟಿದ್ದರು. ತುಂಬಿದ ತಿಂಗಳಲ್ಲಿ ಆ ಧೂಳಿಗೆ ಯಾಕೆ ಎಂದೆ.

"ಸಾ, ಅಲ್ಲಿ ಬೋರ್‌ವೆಲ್ ಇದೆ. ನಾವೇ ನೀರು ಹಿಡೀಬಹುದು" ಎಂದು ತನಗೆ ಬಂದ ಕನ್ನಡದಲ್ಲಿ ಹೇಳಿದ.

ಅವ್ವ ಬಂದ ಮೇಲೆ ಕೋಣೆ ಖಾಲಿಯಾದದ್ದನ್ನು ಹೇಳಿದೆ. ನೀರು ಹುಯ್ಯಿಸಿಕೊಂಡು ಬೆಳೆದವಳು ನೀನು, ನಿನಗಾದರೂ ಒಂದು ದಿನ ಅಯ್ಯೋ ಅನ್ನಿಸಲಿಲ್ಲವೇ ಎಂದು ಕೇಳಿಯೇಬಿಟ್ಟೆ. ಅವಳು ಎಲೆ ಅಡಿಕೆ ಮೆಲ್ಲುತ್ತ ಹೇಳಿದಳು:

"ನಮ್ಗೂ ಇಂಗೇ ಉಯ್ತಿದ್ರು. ನಾವೇನ್ ಸತ್ವಾ?"

ಥೂ ಎಂದು ಉಗಿಯಬೇಕೆನಿಸಿತು. ಆದರೆ ದೊಡ್ಡಪ್ಪನ ಮುಂದೆ ಆಗ್ಲಿ ಅಂದದ್ದೂ ಇದೇ ಬಾಯಿ.