ಪದ್ಮವ್ವ ಸೋಸಿದ ನೀರು

ನಮ್ಮದು ಜೈನರ ಮನೆ. ನಮ್ಮತ್ತೆ ಪದ್ಮವ್ವನವರಿಗೆ ಎಪ್ಪತ್ತೊಂದು ವರ್ಷ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ, ಬಟಾಟೆ ಉಳ್ಳಾಗಡ್ಡಿ ಮನೆಯೊಳಗೆ ಬಿಡುವವರಲ್ಲ. ಅಂಥವರ ಪಡಸಾಲೆಯಲ್ಲಿ ಮೀನು ಇದೆ ಎಂದರೆ ಶೇಡಬಾಳದ ಜನ ಸುಮ್ಮನಿರುತ್ತಾರೆಯೇ? ಹೊಟ್ಟೆ ಹಿಡಿದು ನಕ್ಕರು.

ತರಿಸಿದವರು ಅತ್ತೆಯೇ. ಕಾಗವಾಡದ ಹೋಟೆಲ್ಲೊಂದು ಮುಚ್ಚಿತು. ಅಲ್ಲಿಯ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನೊಂದು ಉಳಿದಿತ್ತು. ಅಂಗೈಯಗಲ, ನೀಲಿ ಮೈಗೆ ಹಳದಿ ಗೆರೆ. ಮಾಲಕ ಅದನ್ನು ಗಟಾರಕ್ಕೆ ಸುರಿಯುವವನಿದ್ದಾನೆ ಎಂದು ನನ್ನ ಗಂಡ ಜಿನೇಂದ್ರ ಊಟಕ್ಕೆ ಕೂತಾಗ ಬಾಯಿಬಿಟ್ಟರು. ಅಷ್ಟೇ ಸಾಕಾಯಿತು. ಮರುದಿನ ಮೀನು, ತೊಟ್ಟಿ, ಉಪ್ಪಿನ ಚೀಲ ಎಲ್ಲವೂ ನಮ್ಮ ಮನೆಗೆ ಬಂದವು. ಅಳತೆ ನೋಡಿ ಉಪ್ಪುನೀರು ಕಲೆಸುವ ಕೆಲಸ ಯಾರ ಕೊರಳಿಗೆ ಬಿತ್ತು? ಈ ಕಾಜಲಳ ಕೊರಳಿಗೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

ಆರು ತಿಂಗಳಾದ ಮೇಲೆ ಮೀನು ಕಲ್ಲಿಗೆ ಮೈ ಉಜ್ಜತೊಡಗಿತು. ಎರಡೇ ದಿನದಲ್ಲಿ ಬಲಗಣ್ಣಿಗೆ ಹಾಲಿನಂಥ ಪೊರೆ ಬಂತು. ಏದುಸಿರು ಬಿಡುತ್ತಿತ್ತು, ಹಾಕಿದ ಕಡಲಪಾಚಿಯನ್ನು ಮೂಸಲಿಲ್ಲ. ಅತ್ತೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತರು. ಉಳಿಸುತ್ತೇನೆಂದು ತಂದು ನಾನೇ ಸಾಯಿಸಿದೆನಲ್ಲ ಎಂದು ಅದೊಂದೇ ಮಾತು. 

ನಿಪ್ಪಾಣಿಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಸಂಭಾಜಿಯನ್ನು ಕರೆಸಿದೆವು. ಬಿಳಿ ಚುಕ್ಕೆಯ ರೋಗವಾದರೆ ಮೈಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ, ಇದು ಅದಲ್ಲ ಎಂದ. ಬಕೆಟ್ಟಿನಲ್ಲಿ ತೊಟ್ಟಿಯಷ್ಟೇ ಬೆಚ್ಚಗಿನ ಸಿಹಿನೀರು ಹಿಡಿದು ಮೀನನ್ನು ಐದು ನಿಮಿಷ ಅದರಲ್ಲಿ ಬಿಟ್ಟ. ಅಲ್ಲಿಯವರೆಗೆ ಗಾಜಿನಂತೆ ಕಣ್ಣಿಗೇ ಕಾಣದಿದ್ದ ಹುಳಗಳು ಸಿಹಿನೀರಿಗೆ ಬೆಳ್ಳಗಾಗಿ, ಎಳ್ಳಿನಷ್ಟು ಸಣ್ಣಗೆ, ಚಪ್ಪಟೆಯಾಗಿ ಉದುರಿದವು. ತೊಟ್ಟಿಗೂ ಔಷಧ ಹಾಕೋಣ ಎಂದ. ಹುಳ ಸಾಯುತ್ತವೆಂದು ಅತ್ತೆ ಸುತರಾಂ ಒಪ್ಪಲಿಲ್ಲ. ಹಾಗಾದರೆ ತೊಟ್ಟಿ ತೊಳೆದು, ಕಲ್ಲು ಒಣಗಿಸಿ, ಹೊಸ ನೀರು ತುಂಬಿರಿ ಎಂದ. ಹೊಸ ನೀರು ಮೀನಿಗೆ ಒಗ್ಗಲೆಂದು ತನ್ನ ಅಂಗಡಿಯಲ್ಲಿ ಪಳಗಿದ ಫಿಲ್ಟರನ್ನೇ ತಂದು ಕೂಡಿಸಿಕೊಟ್ಟ. ಆ ದಿನ ನನ್ನ ಸೊಂಟ ಬಿದ್ದುಹೋಯಿತು.

ಹನ್ನೆರಡು ದಿನಕ್ಕೆ ಮೀನು ಮತ್ತೆ ಕಲ್ಲಿಗೆ ಉಜ್ಜತೊಡಗಿತು. ಬಲಗಣ್ಣಿನ ಪೊರೆ ಹೋಗಿರಲಿಲ್ಲ, ಈಗ ಎಡಗಣ್ಣೂ ಮಸುಕು. ಸಂಭಾಜಿ ಬಂದು ಮತ್ತೆ ಸಿಹಿನೀರಿನ ಸ್ನಾನ ಮಾಡಿಸಿದ. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ ಎಂದು ಪಾಪ, ಮುಖ ಸಣ್ಣದು ಮಾಡಿಕೊಂಡ. ನಾನು ಚಹಾ ತರಲು ಒಳಗೆ ಹೋಗಿ ಬಂದೆ. ನೋಡಿದರೆ ಅತ್ತೆ ಬಕೆಟ್ಟಿನ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ತಿರುವಿ ಹಾಕಿ ತೊಟ್ಟಿಯಲ್ಲಿ ಜಾಲಾಡಿಸುತ್ತಿದ್ದರು. ಹೋದ ಸಲವೂ ಬಟ್ಟೆಯನ್ನು ಉಪ್ಪುನೀರಿನಲ್ಲಿಟ್ಟು, ತೊಟ್ಟಿಗೆ ಹೊಸ ನೀರು ತುಂಬಿದ ಮೇಲೆ ಹೀಗೇ ಮಾಡಿದ್ದರಂತೆ.

"ಎಲ್ಲಿಯ ಜೀವ ಅಲ್ಲೇ ಮುಟ್ಟಿಸಬೇಕವ್ವಾ," ಎಂದರು. "ಬಾವಿ ನೀರಿಗೆ ದಿನಾ ಮಾಡೂದಿಲ್ಲೇನು?"

ಸಿಟ್ಟು ನೆತ್ತಿಗೇರಿತ್ತು. ಆದರೆ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಜೀವವನ್ನು ಅದೇ ಬಾವಿಗೆ ಬಿಡುವುದನ್ನು ನಾನೂ ದಿನಾ ಬೆಳಿಗ್ಗೆ ಮಾಡುತ್ತೇನೆ.

ಸಂಭಾಜಿ ಅತ್ತೆಯ ಎದುರಿಗೆ ನೆಲದ ಮೇಲೆ ಕೂತ. "ಆಯಿ, ಇವಕ್ಕ ಬ್ಯಾರೆ ಅನ್ನ ಇಲ್ಲರಿ. ಈ ಮೀನಿನ ಮೈ, ಕಣ್ಣು, ಇಷ್ಟ ಇವುಗಳ ಅನ್ನ." ಈಗ ಬಿಟ್ಟರೆ ಎಡಗಣ್ಣು ಹೋಗುತ್ತದೆ, ಆಮೇಲೆ ಮೀನೂ ಹೋಗುತ್ತದೆ ಎಂದ. ಔಷಧ ತೆಗೆದ. ಅತ್ತೆಯ ಮುಖ ನೋಡಲಾರದೆ ಒಂದು ದಾರಿಯನ್ನೂ ತೋರಿಸಿದ. "ಇದರಿಂದ ಹುಳ ಸಾಯೂದಿಲ್ಲರಿ. ಹಿಡಿತ ಬಿಟ್ಟು ಉದುರ್ತಾವ, ಅಷ್ಟ."

"ಉದುರಿ ಏನ್ ತಿಂತಾವ, ತಮ್ಮಾ?"

ಅವನು ಔಷಧವನ್ನು ನೆಲದ ಮೇಲಿಟ್ಟ.

ಅತ್ತೆ ಮೀನಿನ ಎಡಗಣ್ಣನ್ನು ನೋಡಿದರು. ಆಮೇಲೆ ಕರಗಿಸಿಕೊಡು ಎಂದರು. ಅವನು ಲೋಟದಲ್ಲಿ ಅಳತೆ ಮಾಡಿ ಕರಗಿಸಿದ. ನಾನು ಹಾಕುತ್ತೇನೆಂದು ಕೈ ಚಾಚಿದೆ. ಅತ್ತೆ ಲೋಟವನ್ನು ತಮ್ಮ ಕಡೆ ಎಳೆದುಕೊಂಡರು.

"ಬ್ಯಾಡ. ನೀ ಇನ್ನೂ ಬಾಳಬೇಕಾದಾಕಿ. ಇದು ನನ್ನ ತಲೀಮ್ಯಾಲೆ ಇರ್ಲಿ."

ತಾವೇ ತೊಟ್ಟಿಗೆ ಸುರಿದರು, ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಆ ದಿನ ಉಪವಾಸ ಮಾಡಿದರು. ತತ್ತಿಯಿಂದ ಹೊಸ ಹುಳ ಹೊರಬರುತ್ತವೆ, ವಾರ ಬಿಟ್ಟು ಇನ್ನೊಮ್ಮೆ ಹಾಕಬೇಕು ಎಂದು ಸಂಭಾಜಿ ಹೇಳಿ ಹೋಗಿದ್ದ. ಆ ಎಂಟನೆಯ ದಿನ ಬೆಳಿಗ್ಗೆಯೂ ಅತ್ತೆಯೇ ಹಾಕಿದರು, ಮತ್ತೆ ಉಪವಾಸ ಹಿಡಿದರು.

ಅದೇ ದಿನ ಮಧ್ಯಾಹ್ನ ಮೀನು ಪಾಚಿಯ ಹಾಳೆಯನ್ನು ಕಿತ್ತು ತಿಂದಿತು. ಎಡಗಣ್ಣು ತಿಳಿಯಾಗಿತ್ತು. ನಾನು ಹುಡುಗಿಯಂತೆ ಓಡಿ ದೇವರ ಕೋಣೆಗೆ ಹೋಗಿ ಹೇಳಿದೆ. ಅತ್ತೆ ಜಪಮಣಿ ನಿಲ್ಲಿಸಿ, ಒಳ್ಳೇದಾತು ಎಂದರು. ಮುಖದಲ್ಲಿ ನಿಜವಾಗಿ ಸಂತೋಷವಿತ್ತು. ಆಮೇಲೆ ಕೇಳಿದರು.

"ಅವು ಎಷ್ಟು ಇದ್ದಿರಬೇಕು, ಕಾಜಲ?"

 ಅವರ ಪಕ್ಕದಲ್ಲಿ ಕೂತೆ. ಆ ದಿನ ನಾನೂ ಉಣ್ಣಲಿಲ್ಲ.