ಲಾಗಿನ್ ಎಲ್ಲರದು, ಬೈಗುಳ ಚೋಂದಮ್ಮನದು

ನೋಯ್ಡಾದ ಆ ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕ, ಒಂದು ಕಿರುಕೋಣೆಯಿದೆ. ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಫಿನಾಯಿಲ್. ಒದ್ದೆ ಮಾಪು, ಬಕೆಟ್ಟು, ಅವುಗಳ ಹಿಂದೆ ಕಬ್ಬಿಣದ ಚೌಕಟ್ಟಿನಲ್ಲಿ ಹಸಿರು ದೀಪ ಮಿಟುಕಿಸುವ ನೆಟ್‌ವರ್ಕ್ ಸ್ವಿಚ್ಚುಗಳು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಚೋಂದಮ್ಮ ಬಕೆಟ್ಟನ್ನು ಕಾಲಿನಿಂದ ಹೊರಗೆ ತಳ್ಳಿ, ಸ್ಟೂಲಿನ ಮೇಲೆ ಕೂತು, ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಾರೆ.

"ಈ ರೂಮಿಗೊಂದು ಎ.ಸಿ. ಇತ್ತು. ಡೈರೆಕ್ಟರ್ ಪಿ.ಎ. ಕೂರೋ ಕಡೆಗೆ ಕಿತ್ಕೊಂಡು ಹೋದ್ರು. ಮಿಶಿನ್ನು ಬಿಸಿಯಾದ್ರೆ ಬಾಯಿಬಿಟ್ಟು ಹೇಳಲ್ಲ ನೋಡಿ, ಅದಕ್ಕೆ," ಎನ್ನುತ್ತಾರೆ. ನಗುವುದಿಲ್ಲ.

ಅವರು ಈ ಹೊತ್ತಿಗೇ ಬರುವುದಕ್ಕೆ ಕಾರಣವಿದೆ. ಹೊರರೋಗಿಗಳ ಸಾಲು ಶುರುವಾಗುವ ಮುಂಚೆ ಮಾತ್ರ ಸ್ವಿಚ್ಚಿಗೆ ಕೈ ಹಾಕಬೇಕು ಎಂಬುದು ಈ ಕೆಲಸದ ಕಟ್ಟುಪಾಡು. ಪ್ರಯೋಗಾಲಯ, ರಕ್ತನಿಧಿ, ಔಷಧದ ಕೌಂಟರು, ದಾದಿಯರ ಫೋನು, ಎಲ್ಲಕ್ಕೂ ಬೇರೆ ಬೇರೆ ಜಾಲ, ಒಂದೊಂದಕ್ಕೆ ಒಂದೊಂದು ನಂಬರು. ಅದಕ್ಕೆ ವಿಲ್ಯಾನ್ ಎನ್ನುತ್ತಾರೆ. ಆದರೆ ಮಹಡಿಯಿಂದ ಮಹಡಿಗೆ ಇಳಿಯುವ ಕೇಬಲ್ ಮಾತ್ರ ಒಂದೇ. ಆ ಕೇಬಲ್ ಕೂರುವ ಕಿಂಡಿಯೇ ಟ್ರಂಕ್ ಪೋರ್ಟ್.

"ನಾವು ಲೋಧಿ ಕಾಲೋನಿ ಫ್ಲಾಟಲ್ಲಿ ಬಾಡಿಗೆಗಿದ್ವಿ. ಒಂದೇ ಮೆಟ್ಟಿಲು, ಮೇಲೆ ಕೆಳಗೆ ಎಲ್ಲಾ ಮನೆಯವರೂ ಅದರಲ್ಲೇ. ಆದ್ರೂ ಯಾರೂ ಇನ್ನೊಬ್ಬರ ಮನೆಗೆ ನುಗ್ಗಲ್ಲ ಅಲ್ವಾ? ಇದೂ ಅಷ್ಟೆ. ಗೇಟಲ್ಲಿ ಒಬ್ಬ ಚೌಕೀದಾರ. ಯಾರನ್ನ ಒಳಗೆ ಬಿಡಬೇಕು ಅಂತ ಅವನಿಗೆ ಹೇಳಿಡೋದೇ ನನ್ನ ಕೆಲಸ."

ಹೊಸ ಜಾಲವೊಂದು ಬಂದಾಗ ಚೌಕೀದಾರನಿಗೆ ಅದರ ನಂಬರನ್ನು 'ಸೇರಿಸು' ಎಂದು ಹೇಳಬೇಕು. ಇಂಗ್ಲಿಷಿನಲ್ಲಿ ಮೂರಕ್ಷರದ ಪದ, ಆಡ್. ಅದನ್ನು ಬಿಟ್ಟು ನಂಬರು ಮಾತ್ರ ಒತ್ತಿದರೆ, ಹೊಸಬನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಆಚೆ ನಿಲ್ಲಿಸು ಎಂದಂತೆ. ಸ್ವಿಚ್ಚು ಎದುರು ಮಾತಾಡುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. "ನಾನೂ ಮಾಡಿದೀನಿ ಈ ತಪ್ಪು. ಕರೋಲ್ ಬಾಗಲ್ಲಿ ಒಂದು ಹೋಟೆಲಿಗೆ ಕೆಲಸ ಮಾಡ್ತಿದ್ದಾಗ. ಮಾಡಿದ್ದು ನಾನೇ ಅಂತ ಮಾಲೀಕನ ಎದುರಿಗೇ ಹೇಳ್ದೆ. ಬೈದ. ಬೈಸ್ಕೊಂಡೆ. ಮುಗೀತು."

ಈ ಸಲದ್ದು ಮುಗಿದಿಲ್ಲ. ತಿಂಗಳ ಕೊನೆಗೆ ಚೋಂದಮ್ಮನ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದು ಅನುಮಾನ. ಅವರು ಮಾಡದ ತಪ್ಪೊಂದು ಅವರ ತಲೆಯ ಮೇಲೆ ಕೂತಿದೆ.

ಚೋಂದಮ್ಮನ ತಂದೆ ಕಾವೇರಪ್ಪ ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಸುಬೇದಾರರಾಗಿದ್ದವರು. ದಂಡುಪ್ರದೇಶದ ಕ್ವಾರ್ಟರ್ಸಿನಲ್ಲಿ ಮಗಳು ಬೆಳೆದದ್ದೇ ತಂತಿ, ಬೆಸುಗೆಯ ವಾಸನೆಯ ನಡುವೆ. ಈ ಕೈಲ್ ಪೊಳ್ದ್ ಹಬ್ಬಕ್ಕೆ ದಿಲ್ಲಿಯಲ್ಲೇ ಇರುವ ಅಪ್ಪನ ಮನೆಗೆ ಹೋಗಲು ಚೋಂದಮ್ಮ ಮೊದಲೇ ಕೇಳಿ ರಜೆ ಪಡೆದಿದ್ದರು. ಕೊಡವರಿಗೆ ಅದು ಆಯುಧ ಪೂಜಿಸುವ ದಿನ. ಕಾವೇರಪ್ಪ ಕೋವಿಯನ್ನು ದೀಪದೆದುರು ಇಟ್ಟರೆ, ಮಗಳು ಪಕ್ಕದಲ್ಲಿ ಕೇಬಲಿನ ತುದಿ ಕಚ್ಚಿಸುವ ತನ್ನ ಕ್ರಿಂಪಿಂಗ್ ಇಕ್ಕುಳವನ್ನೂ ಸ್ವಿಚ್ಚಿಗೆ ಚುಚ್ಚುವ ನೀಲಿ ಕೇಬಲನ್ನೂ ಇಟ್ಟರು. ಕೋವಿಗೆ ಮುಡಿಸುವ ಊರಿನ ತೋಕ್ ಪೂ ಹೂವು ದಿಲ್ಲಿಯಲ್ಲೆಲ್ಲಿ? ಚೆಂಡುಹೂವು ಮುಡಿಸಿದರು.

ಊಟಕ್ಕೆ ಎಲೆ ಹಾಕುವ ಮುಂಚೆ ಫೋನು ಬಂತು. ಆಸ್ಪತ್ರೆಯ ಐಟಿ ಮ್ಯಾನೇಜರು. ಹೊಸ ಡಯಾಲಿಸಿಸ್ ವಾರ್ಡನ್ನು ಡೈರೆಕ್ಟರಿಗೆ ತೋರಿಸುವ ಅವಸರದಲ್ಲಿ, ಹೊರರೋಗಿಗಳು ಕಿಕ್ಕಿರಿದ ಹೊತ್ತಿನಲ್ಲಿ, ತಾವೇ ಹೋಗಿ ಸ್ವಿಚ್ಚಿಗೆ ಕೈ ಹಾಕಿದ್ದರು. ಡಯಾಲಿಸಿಸ್ ವಾರ್ಡಿನ ಕಂಪ್ಯೂಟರು ಓಡಿತು. ಮೂರನೇ ಮಹಡಿಯ ಉಳಿದದ್ದೆಲ್ಲ ನಿಂತಿತು.

"ಏನು ಟೈಪ್ ಮಾಡಿದ್ರಿ, ಒಂದೊಂದೇ ಪದ ಓದಿ ಅಂದೆ. ಓದಿದ್ರು. ಆಡ್ ಇರಲಿಲ್ಲ. ಆಮೇಲೆ ನಾನು ಹೇಳ್ತಾ ಹೋದೆ, ಅವರು ಒತ್ತುತ್ತಾ ಹೋದ್ರು. ಎಲ್ಲಾ ಬಂತು."

ಬರುವವರೆಗೆ ಏನಾಯಿತೆಂದು ಮಂಗಳೂರು ಕಡೆಯ ಹೆಡ್ ನರ್ಸ್ ಸರಳಾ ಹೇಳುತ್ತಾರೆ: "ಫೋನ್ ಇಲ್ಲ, ರಿಪೋರ್ಟ್ ಇಲ್ಲ. ರಕ್ತದ ಚೀಟಿ ಕೈಯಲ್ಲಿ ಹಿಡ್ಕೊಂಡು ಮೆಟ್ಟಿಲು ಹತ್ತಿ ಇಳಿದು ಸಾಕಾಯ್ತು. ಒಬ್ಬ ಹೆಂಗಸಿಗೆ ಆಪರೇಶನ್ ಟೇಬಲ್ ಮೇಲೆ ರಕ್ತ ಬೇಕಿತ್ತು. ಪುಣ್ಯ, ಉಳಿದಳು."

ಮಾರನೇ ದಿನ ಕ್ಯಾಂಟೀನಿನ ಗೋಡೆಯಲ್ಲಿ ಸೂಚನೆ: ನಿನ್ನೆಯ ಅಡಚಣೆಗೆ ಗುತ್ತಿಗೆ ಸಿಬ್ಬಂದಿಯ ನಿರ್ಲಕ್ಷ್ಯ ಕಾರಣ. ಆ ವಿಭಾಗದಲ್ಲಿ ಗುತ್ತಿಗೆಯವರೆಂದರೆ ಚೋಂದಮ್ಮ ಒಬ್ಬರೇ. ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಅನ್ನುವುದು ಇದಕ್ಕೇ. ಆ ಕೋತಿಗಾದರೂ ಹಸಿವಿತ್ತು, ಈ ಮ್ಯಾನೇಜರಿಗೇನಿತ್ತು?

ಸ್ವಿಚ್ಚನ್ನೇ ಕೇಳೋಣವೆಂದರೆ ಅದಕ್ಕೂ ಗೊತ್ತಿಲ್ಲ. ಮ್ಯಾನೇಜರು, ಎಂಜಿನಿಯರುಗಳು, ಚೋಂದಮ್ಮ, ಎಲ್ಲರೂ ಒಳಗೆ ಹೋಗುವುದು 'ಅಡ್ಮಿನ್' ಎಂಬ ಒಂದೇ ಹೆಸರಿನಲ್ಲಿ, ಒಂದೇ ಪಾಸ್‌ವರ್ಡಿನಲ್ಲಿ. ಯಾರು ಏನು ಮಾಡಿದರೂ ಅಡ್ಮಿನ್ ಮಾಡಿದ ಎಂದೇ ಅದು ಹೇಳುತ್ತದೆ. ಒಬ್ಬೊಬ್ಬರಿಗೆ ಅವರವರ ಹೆಸರಿನ ಲಾಗಿನ್ ಕೊಡಿ ಎಂದು ಚೋಂದಮ್ಮ ಸೇರಿದಾಗಿನಿಂದ ಕೇಳುತ್ತಿದ್ದಾರೆ. ಕಾಸು ಖರ್ಚಿಲ್ಲದ, ಒಂದು ಟೀ ಕುಡಿಯುವಷ್ಟರಲ್ಲಿ ಆಗುವ ಕೆಲಸ. ಮಾಡಲಿಲ್ಲ. ಯಾಕೆ ಮಾಡಲಿಲ್ಲವೆಂದು ಈಗ ಗೊತ್ತಾಗುತ್ತಿದೆ.

"ಮ್ಯಾನೇಜರ್ ಹತ್ರ ಹೋಗಿ ಕೇಳ್ದೆ. 'ಛೋಡೋ ನಾ ಮೇಡಂ, ನಿಮ್ಮ ಹೆಸರೇನೂ ಹಾಕಿಲ್ಲವಲ್ಲ' ಅಂದ್ರು." ಚೋಂದಮ್ಮನ ದನಿ ಏರುವುದಿಲ್ಲ, ಕೀಲಿಮಣೆಯ ಮೇಲೆ ಬೆರಳು ಮಾತ್ರ ಜೋರಾಗಿ ಬೀಳುತ್ತದೆ. "ಹಾಕಿದ್ರೆ ಜಗಳ ಆಡ್ಬಹುದಿತ್ತು. ಈಗ ಯಾರ ಹತ್ರ ಆಡ್ಲಿ? ಮನೇಲಿ ಮಗಳು ಮೋನಿಷಾ ಕೇಳ್ತಾಳೆ, 'ಅಮ್ಮಾ, ಆಪ್ ಚುಪ್ ಕ್ಯೋಂ ಹೋ?' ಅಂತ. ನಾನೆಲ್ಲಿ ಸುಮ್ಮನಿದೀನಿ."

ಇಂದಿನ ಕೆಲಸ ಸಣ್ಣದು. ಹೊಸ ಎಕ್ಸ್‌ರೇ ಕೋಣೆಯ ಜಾಲವನ್ನು ಕೇಬಲಿಗೆ ಸೇರಿಸಬೇಕು. ಚೋಂದಮ್ಮ ಆಜ್ಞೆಯನ್ನು ಟೈಪ್ ಮಾಡಿ, ಎಂಟರ್ ಒತ್ತುವ ಮುಂಚೆ ತುಟಿಯಲ್ಲೇ ಒಮ್ಮೆ ಓದಿಕೊಳ್ಳುತ್ತಾರೆ. ಆಡ್ ಇದೆ. ಒತ್ತುತ್ತಾರೆ. ಹಳೆಯ ನಂಬರುಗಳೆಲ್ಲ ಇದ್ದಲ್ಲೇ ಇವೆ, ಕೊನೆಯಲ್ಲಿ ಹೊಸದೊಂದು ಕೂತಿದೆ.

ಲ್ಯಾಪ್‌ಟಾಪ್ ಮುಚ್ಚುತ್ತಾರೆ ಎಂದುಕೊಂಡರೆ, ಇಲ್ಲ. ಪ್ರತಿ ಪೋರ್ಟಿಗೂ ಅದು ಯಾವುದೆಂದು ಬರೆದಿಡಲು ಸ್ವಿಚ್ಚಿನಲ್ಲಿ ಒಂದು ಸಾಲಿನ ಜಾಗವಿರುತ್ತದೆ. ಸಾಮಾನ್ಯವಾಗಿ ಅಲ್ಲಿ ಮಹಡಿಯ ಹೆಸರು. ಚೋಂದಮ್ಮ ಅದರ ಮುಂದೆ ಇಂದಿನ ತಾರೀಖನ್ನೂ ತಮ್ಮ ಪೂರ್ತಿ ಹೆಸರನ್ನೂ ಸೇರಿಸುತ್ತಾರೆ. ಆ ಸೂಚನೆ ಬಂದ ದಿನದಿಂದ ಮುಟ್ಟಿದ ಪ್ರತಿ ಪೋರ್ಟಿಗೂ ಹೀಗೇ ಮಾಡುತ್ತಿದ್ದಾರೆ.

"ಇದರಲ್ಲಿ ತಪ್ಪಿದ್ರೆ ನಂದು. ಬಂದು ನನ್ನನ್ನೇ ಕೇಳ್ಲಿ. ಇದು ಸರಿಯಾಗಿ ಓಡಿದ್ರೆ ಅದೂ ನಂದೇ. ನನಗೆ ಬೇಕಿರೋದು ನನ್ನ ಹೆಸರಿನ ಒಂದು ಲಾಗಿನ್. ಅದು ಸಿಗೋವರೆಗೆ ಇದು."

ಮ್ಯಾನೇಜರು ಅಳಿಸಿಹಾಕಿದರೆ?

"ಅಳಿಸಬೇಕಾದ್ರೆ ಇಲ್ಲಿಗೆ ಬಂದು ನನ್ನ ಹೆಸರು ಓದ್ಲೇಬೇಕಲ್ಲ," ಎಂದು ಚೋಂದಮ್ಮ ಸೇವ್ ಮಾಡುತ್ತಾರೆ.