ಓನರಮ್ಮ ಬರೆದುಕೊಟ್ಟ ಹಾಳೆ

ಮೊನ್ನೆ ಸೂಟ್‌ಕೇಸಿನ ತಳದಿಂದ ಹಳೆಯ ನೀಲಿ ಫೈಲು ತೆಗೆದು ಬಿಚ್ಚಿದಾಗ ಸಾರಿನ ಪುಡಿಯ ವಾಸನೆ ಬಂತು. ನಾನು ಹುಡುಕುತ್ತಿದ್ದುದು ನಮ್ಮ ಮದುವೆಯ ನೋಂದಣಿ ಪತ್ರ. ವಿಚ್ಛೇದನಕ್ಕೆ ಬೇಕೆಂದು ವಕೀಲರು ಕೇಳಿದ್ದರು. ಅದರ ಕೆಳಗೆ ನಾಲ್ಕಾಗಿ ಮಡಿಸಿದ ಗೆರೆ ಹಾಳೆಯೊಂದಿತ್ತು. ಬಿಡಿಸುವ ಮೊದಲೇ ಯಾರದೆಂದು ಗೊತ್ತಾಯಿತು...

ಮೈಸೂರಿನ ಕುಂಬಾರಕೊಪ್ಪಲಿನ ಒಂದು ಮಹಡಿ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ನಾಲ್ಕು ವರ್ಷ ಬಾಡಿಗೆಗಿದ್ದೆವು. ಕೆಳಗೆ ಓನರಮ್ಮ. ಸಾರಿನ ಪುಡಿ ಮಾಡಿ ಮಾರುತ್ತಿದ್ದರು. ಅವರು ಮುಟ್ಟಿದ್ದಕ್ಕೆಲ್ಲ ಅದೇ ವಾಸನೆ. ನಮ್ಮ ಮನೆಯ ಸುದ್ದಿ ನಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ನನಗದು ಕಿರಿಕಿರಿ, ಹೆಂಡತಿಗೆ ನಗು.

ಅವಳು ನರ್ಸ್. ಕೆನಡಾದಲ್ಲಿ ಕಾಯಂ ಆಗಿ ನೆಲೆಸಲು ಇಬ್ಬರೂ ಸೇರಿ ಅರ್ಜಿ ಹಾಕಿದೆವು. ಅರ್ಜಿದಾರಳು ಅವಳು, ಜೊತೆಗೆ ಹೋಗುವ ಗಂಡ ನಾನು. ಹತ್ತು ಜನರ ಮುಂದೆ ದೇವಸ್ಥಾನದಲ್ಲಿ ಮದುವೆಯಾದವರು. ಫೋಟೊ ಇದ್ದದ್ದೇ ಮೂರು, ಒಂದರಲ್ಲಿ ನನ್ನ ಕಣ್ಣು ಮುಚ್ಚಿತ್ತು. ನಿಜವಾಗಿ ಸಂಸಾರ ಮಾಡುತ್ತಿದ್ದೀರೆಂದು ಗೊತ್ತಿರುವವರಿಂದ ಒಂದು ಪತ್ರ ತನ್ನಿ ಎಂದ ವೀಸಾ ಏಜೆಂಟ್. ಓನರಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೇಳಿದ ಮರುದಿನ ಬೆಳಿಗ್ಗೆ ಏದುಸಿರು ಬಿಡುತ್ತ ಅವರೇ ಮೆಟ್ಟಿಲು ಹತ್ತಿ ಬಂದರು. "ಇರೋದ್ನೇ ಬರ್ದಿವ್ನಿ ಕಣಪ್ಪ" ಎಂದು ಹಾಳೆ ಕೊಟ್ಟರು.

ಓದಿ ನನಗೆ ನಾಚಿಕೆಯಾಯಿತು. 'ಇವರು ಗಂಡ ಹೆಂಡತಿ ಹೌದು. ವಾರಕ್ಕೊಂದು ಸಲ ಜಗಳ ಆಡುತ್ತಾರೆ, ನನಗೆ ಕೆಳಗೆ ಕೇಳಿಸುತ್ತದೆ. ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಉಂಡದ್ದು ನಾನು ಕಂಡಿಲ್ಲ. ಆಕೆ ಡ್ಯೂಟಿ ಮುಗಿಸಿ ಬರುವುದು ಮಧ್ಯಾಹ್ನ ಮೂರಾದರೂ ಈತ ತಟ್ಟೆ ಹಾಕಿಕೊಳ್ಳುವುದಿಲ್ಲ. ಜಗಳವಾದ ದಿನವೂ ಅಷ್ಟೆ.'

ಏಜೆಂಟ್ ನಕ್ಕುಬಿಟ್ಟ. ಜಗಳ ಗಿಗಳ ಎಂದು ಬರೆದರೆ ಅರ್ಜಿ ಮೂಲೆ ಸೇರುತ್ತದೆಂದು ಹೆದರಿಸಿ, ತನ್ನಲ್ಲಿದ್ದ ಇಂಗ್ಲಿಷ್ ನಮೂನೆಗೆ ನಮ್ಮ ಹೆಸರು ತುಂಬಿಸಿ ಕೊಟ್ಟ. ಅನ್ಯೋನ್ಯ ದಾಂಪತ್ಯ, ಪರಸ್ಪರ ಗೌರವ... ಯಾರ ಮನೆಗಾದರೂ ಹೊಂದುವ ಮಾತುಗಳು. ಓನರಮ್ಮನ ಹಾಳೆಯನ್ನು ಎಸೆಯಲು ಹೋದೆ. ಹೆಂಡತಿ ಕಿತ್ತುಕೊಂಡು ಫೈಲಿನಲ್ಲಿಟ್ಟಳು.

ಸಹಿ ಹಾಕುವ ಮೊದಲು ಓನರಮ್ಮ ಕನ್ನಡಕ ಏರಿಸಿ ಆ ಇಂಗ್ಲಿಷನ್ನು ಬಹಳ ಹೊತ್ತು ನೋಡಿದರು.

"ಊಟದ್ ವಿಸ್ಯ ಬರ್ಸಿದ್ಯಾ? ಅದೇ ಕಣಪ್ಪ ಮುಖ್ಯ."

"ಬರ್ಸಿದೀನಿ ಅಮ್ಮ" ಎಂದುಬಿಟ್ಟೆ. ಅವರು ನಂಬಿ ಸಹಿ ಹಾಕಿದರು.

ಕಾಯಂ ವಾಸದ ಪರವಾನಗಿ ಸಿಕ್ಕಿತು. ಹೊರಟ ದಿನ ಓನರಮ್ಮ ಎರಡು ಡಬ್ಬಿ ಪುಡಿ ಕೊಟ್ಟರು. ಕೆನಡಾದಲ್ಲಿ ಅವಳದೊಂದು ಶಿಫ್ಟು, ಗೋದಾಮಿನಲ್ಲಿ ನನ್ನದೊಂದು. ಫ್ರಿಜ್ಜಿನಲ್ಲಿ ಅವಳ ಊಟದ ಡಬ್ಬಿ ಬೇರೆ, ನನ್ನದು ಬೇರೆ. ಮೆಲ್ಲಗೆ ಜಗಳವೂ ನಿಂತುಹೋಯಿತು. ನಾನದನ್ನು ನೆಮ್ಮದಿ ಎಂದುಕೊಂಡಿದ್ದೆ, ಪೆದ್ದ. ಓನರಮ್ಮ ತೀರಿಕೊಂಡರೆಂದು ಮೈಸೂರಿನಿಂದ ಫೋನು ಬಂದಾಗ, ಒಂದೇ ಮನೆಯಲ್ಲಿದ್ದ ಹೆಂಡತಿಗೆ ಅದನ್ನು ಹೇಳಿದ್ದು ಮೂರು ದಿನದ ಮೇಲೆ...

ಈಗ ಅವಳು ಅಲ್ಲೇ ಇದ್ದಾಳೆ. ನಾನು ಹಿಂತಿರುಗಿ ಬಂದು ಹಿನಕಲ್‌ನಲ್ಲಿ ಒಂದು ರೂಮು ಹಿಡಿದಿದ್ದೇನೆ. ವಕೀಲರ ಕಾಗದ ಪಕ್ಕಕ್ಕಿಟ್ಟು ಓನರಮ್ಮನ ಹಾಳೆಯನ್ನು ಮತ್ತೆ ಓದಿದೆ. ಅವಳನ್ನು ಬಿಟ್ಟು ನಾನು ಮೊದಲ ಸಲ ಉಂಡದ್ದು ಯಾವತ್ತು? ಎಷ್ಟು ಯೋಚಿಸಿದರೂ ಆ ದಿನ ನೆನಪಾಗುತ್ತಿಲ್ಲ. ಕೆಳಗೆ ಓನರಮ್ಮ ಇದ್ದಿದ್ದರೆ ಅವರಿಗೆ ಗೊತ್ತಿರುತ್ತಿತ್ತು.